‘ಇಲಿಗಳ ಮೇಲೆ ಸಾಬೀತಾಗಿದೆ’ ಎನ್ನುವ ಹೊಟ್ಟೆಯ ಮದ್ದು: ಇಲಿಯ ಕರುಳು ನಮ್ಮ ಕರುಳಿನ ಬಗ್ಗೆ ಎಷ್ಟು ಹೇಳಬಲ್ಲದು?

‘ಈ ಎಲೆಯ ಕಷಾಯ ಕುಡಿದರೆ ಎರಡೇ ದಿನದಲ್ಲಿ ಹಳೆಯ ಮಲಬದ್ಧತೆ ಮಾಯ. ಇಲಿಗಳ ಮೇಲೆ ನಡೆದ ಸಂಶೋಧನೆಯಲ್ಲಿ ಸಾಬೀತಾಗಿದೆ. ನಿಮ್ಮವರಿಗೆಲ್ಲ ಕಳುಹಿಸಿ.’

ಇಂಥ ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಎಲೆಯ ಹೆಸರು ಬದಲಾಗುತ್ತದೆ, ಕೆಲವೊಮ್ಮೆ ಬೀಜವಾಗುತ್ತದೆ, ಕೆಲವೊಮ್ಮೆ ಬೇರು. ಆದರೆ ಆ ಮಧ್ಯದ ಸಾಲು ಹಾಗೇ ಇರುತ್ತದೆ. ಇದನ್ನು ಓದಿದವರಲ್ಲಿ ಎರಡು ಬಣ. ಒಂದು ಬಣ ‘ಸಂಶೋಧನೆ’ ಎಂಬ ಪದ ಕಂಡ ಕೂಡಲೇ ನಂಬುತ್ತದೆ. ಇನ್ನೊಂದು ‘ಇಲಿಗೂ ನಮಗೂ ಏನು ಸಂಬಂಧ’ ಎಂದು ನಕ್ಕು ಮುಂದೆ ಹೋಗುತ್ತದೆ. ನಮ್ಮ ಪ್ರಕಾರ ಇಬ್ಬರದೂ ಅವಸರದ ತೀರ್ಮಾನ. ಕರುಳಿನ ಚಲನೆಯ ಕೆಲವು ಕಾಯಿಲೆಗಳ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ಹೆಚ್ಚಿನದು ಇಲಿ, ನಾಯಿ, ಬೆಕ್ಕು, ಕೋಳಿ ಮರಿಗಳಿಂದಲೇ ಬಂದದ್ದು. ಇನ್ನು ಕೆಲವು ಕಾಯಿಲೆಗಳಲ್ಲಿ ಇದೇ ಪ್ರಾಣಿಗಳು ಏನೂ ಹೇಳಲಿಲ್ಲ, ಅಥವಾ ಹೇಳಬೇಕಾದ ಅಪಾಯವನ್ನು ಹೇಳದೇ ಉಳಿದವು. ಎಲ್ಲಿ ನಂಬಬಹುದು, ಎಲ್ಲಿ ನಂಬಬಾರದು ಎಂಬುದಕ್ಕೆ ಒಂದೇ ಪ್ರಶ್ನೆ ಸಾಕಾಗುತ್ತದೆ: ಆ ಪ್ರಾಣಿಗೆ ಕಾಯಿಲೆ ಬಂದದ್ದು ಹೇಗೆ?

ಮೊದಲು, ಕರುಳು ನಡೆಯುವುದು ಹೇಗೆ?

ನುಂಗಿದ ಅನ್ನ ಕೆಳಗಿಳಿಯುವುದು ಅದರ ಭಾರದಿಂದಲ್ಲ. ತಲೆಕೆಳಗಾಗಿ ನಿಂತು ನುಂಗಿದರೂ ಅದು ಹೊಟ್ಟೆ ಸೇರುತ್ತದೆ. ಅನ್ನನಾಳದಿಂದ ಗುದದ್ವಾರದವರೆಗೆ ಇಡೀ ಕೊಳವೆಯ ಗೋಡೆಯಲ್ಲಿ ಸ್ನಾಯುಗಳಿವೆ. ಹಿಂದಿನ ಭಾಗ ಬಿಗಿಯುತ್ತದೆ, ಮುಂದಿನ ಭಾಗ ಸಡಿಲವಾಗುತ್ತದೆ, ಆಹಾರ ಮುಂದೆ ಸರಿಯುತ್ತದೆ. ಈ ಅಲೆಯಂಥ ಚಲನೆಗೆ ಪೆರಿಸ್ಟಾಲ್ಸಿಸ್ ಎನ್ನುತ್ತಾರೆ. ಇದು ನಿಧಾನವಾದರೆ, ನಿಂತರೆ, ಇಲ್ಲವೇ ಲಯ ತಪ್ಪಿದರೆ ಉಂಟಾಗುವ ತೊಂದರೆಗಳೇ ಜೀರ್ಣಾಂಗದ ಚಲನೆಯ ಕಾಯಿಲೆಗಳು. ದೀರ್ಘಕಾಲದ ಮಲಬದ್ಧತೆ, ಊಟ ಹೊಟ್ಟೆಯಲ್ಲೇ ಉಳಿದುಬಿಡುವ ಗ್ಯಾಸ್ಟ್ರೋಪರೇಸಿಸ್, ಹುಟ್ಟಿನಿಂದಲೇ ಬರುವ ಹಿರ್ಷ್‌ಸ್ಪ್ರಂಗ್ ಕಾಯಿಲೆ ಎಲ್ಲವೂ ಈ ಗುಂಪಿನವು.

1899ರಲ್ಲಿ ಲಂಡನ್ನಿನಲ್ಲಿ ವಿಲಿಯಂ ಬೇಲಿಸ್ ಮತ್ತು ಅರ್ನೆಸ್ಟ್ ಸ್ಟಾರ್ಲಿಂಗ್ ಎಂಬ ಇಬ್ಬರು ನಾಯಿಗಳಿಗೆ ಅರಿವಳಿಕೆ ಕೊಟ್ಟು, ಕರುಳಿಗೆ ಹೊರಗಿನಿಂದ ಬರುವ ನರಗಳನ್ನು ಕತ್ತರಿಸಿ ನೋಡಿದರು. ಕರುಳನ್ನು ಒಂದು ಕಡೆ ಒತ್ತಿದಾಗ ಮೇಲಿನ ಭಾಗ ಬಿಗಿಯಿತು, ಕೆಳಗಿನ ಭಾಗ ಸಡಿಲವಾಯಿತು. ಮೆದುಳಿನ ಅಪ್ಪಣೆ ಇಲ್ಲದೆಯೇ! 1917ರಲ್ಲಿ ಜರ್ಮನಿಯ ಪೌಲ್ ಟ್ರೆಂಡೆಲೆನ್‌ಬರ್ಗ್ ಗಿನಿಪಿಗ್‌ನ ಕರುಳಿನ ಒಂದು ತುಂಡನ್ನು ದೇಹದಿಂದ ಹೊರಗೇ ಇಟ್ಟು ಅದೇ ಅಲೆಯನ್ನು ತೋರಿಸಿದರು. ಕರುಳಿನ ಗೋಡೆಯೊಳಗೇ ಕೋಟಿಗಟ್ಟಲೆ ನರಕೋಶಗಳ ಜಾಲವಿದೆ, ಅದು ತನ್ನ ಕೆಲಸವನ್ನು ತಾನೇ ನಡೆಸುತ್ತದೆ ಎಂಬ ಇಂದಿನ ತಿಳಿವಳಿಕೆಯ ಬುನಾದಿ ಇಲ್ಲಿದೆ. ಬದುಕಿರುವ ಮನುಷ್ಯರ ಕರುಳಿನ ನರ ಕತ್ತರಿಸಿ ಇದನ್ನು ನೋಡಲು ಸಾಧ್ಯವಿರಲಿಲ್ಲ.

1898ರಲ್ಲಿ ಅಮೆರಿಕದಲ್ಲಿ ವಾಲ್ಟರ್ ಕ್ಯಾನನ್ ಬೆಕ್ಕುಗಳ ಬಗ್ಗೆ ಪ್ರಕಟಿಸಿದ ಒಂದು ಪ್ರಬಂಧ ನಮಗೆ ಇನ್ನೂ ಇಷ್ಟ. ಎಕ್ಸ್‌ರೇ ಆಗಷ್ಟೇ ಬಂದಿತ್ತು. ಬೆಕ್ಕಿನ ಊಟಕ್ಕೆ ಬಿಸ್ಮತ್ ಎಂಬ ಲೋಹದ ಪುಡಿ ಬೆರೆಸಿ, ಹೊಟ್ಟೆಯ ಅಲೆಗಳನ್ನು ಅವರು ಪರದೆಯ ಮೇಲೆ ನೋಡುತ್ತಿದ್ದರು. ಬೆಕ್ಕು ಗಾಬರಿಯಾಗಿ ಒದ್ದಾಡಿದಾಗಲೆಲ್ಲ ಅಲೆಗಳು ನಿಂತುಬಿಡುತ್ತಿದ್ದವು. ಮೈ ಸವರಿ ಸಮಾಧಾನ ಮಾಡಿದರೆ ಮತ್ತೆ ಶುರು. ಗಾಬರಿ, ಸಿಟ್ಟು ಹೊಟ್ಟೆಯ ಚಲನೆಯನ್ನು ನಿಲ್ಲಿಸುತ್ತದೆ ಎಂದು ಆ ಬೆಕ್ಕುಗಳು ಕಲಿಸಿದವು. ಜೊತೆಗೆ, ಪ್ರಾಣಿಗಳ ಮೇಲಿನ ಯಾವುದೇ ಕರುಳಿನ ಪ್ರಯೋಗವನ್ನು ಓದುವಾಗ ನೆನಪಿಡಬೇಕಾದ ಒಂದು ಎಚ್ಚರಿಕೆಯನ್ನೂ ಕೊಟ್ಟವು. ಪ್ರಾಣಿಯನ್ನು ಹಿಡಿಯುವುದು, ಚುಚ್ಚುವುದು, ಬಾಯಿಗೆ ಕೊಳವೆ ಇಳಿಸುವುದು ಇವೇ ಫಲಿತಾಂಶವನ್ನು ಬದಲಿಸಬಲ್ಲವು. ಹೆದರಿದ ಇಲಿಯ ಹೊಟ್ಟೆ ನಿಧಾನವಾಗುತ್ತದೆ, ಆದರೆ ದೊಡ್ಡ ಕರುಳು ಚುರುಕಾಗಿ ಹೆಚ್ಚು ಹಿಕ್ಕೆ ಹಾಕುತ್ತದೆ. ಪರೀಕ್ಷೆಯ ದಿನ ಬೆಳಿಗ್ಗೆ ತಿಂಡಿ ಸೇರದೆ, ಟಾಯ್ಲೆಟ್‌ಗೆ ಮಾತ್ರ ಮೂರು ಸಲ ಓಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇಲಿಗೆ ಮಲಬದ್ಧತೆ ತರಿಸುವುದು ಹೇಗೆ?

ಈಗ ಫಾರ್ವರ್ಡ್ ಸಂದೇಶಕ್ಕೆ ಬರೋಣ. ಲ್ಯಾಬಿನ ಇಲಿಗೆ ಸಾಮಾನ್ಯವಾಗಿ ಮಲಬದ್ಧತೆ ಇರುವುದಿಲ್ಲ. ಅದನ್ನು ತರಿಸಬೇಕು. ಗಿಡಮೂಲಿಕೆಗಳ ಪ್ರಯೋಗಗಳಲ್ಲಿ ಇದಕ್ಕೆ ಬಹಳವಾಗಿ ಬಳಸುವ ದಾರಿ ಲೋಪೆರಮೈಡ್. ಹೌದು, ಭೇದಿ ನಿಲ್ಲಿಸಲು ನಾವು ನುಂಗುವ ಅದೇ ಮಾತ್ರೆಯ ಔಷಧ. ಕರುಳಿನ ನರಕೋಶಗಳ ಮೇಲಿರುವ ಓಪಿಯಾಯ್ಡ್ ಗ್ರಾಹಕಗಳಿಗೆ ಅಂಟಿಕೊಂಡು ಅದು ಚಲನೆಯನ್ನು ತಗ್ಗಿಸುತ್ತದೆ. ಕೆಲವು ದಿನ ಇದನ್ನು ಕೊಟ್ಟರೆ ಇಲಿಯ ಹಿಕ್ಕೆ ಕಡಿಮೆಯಾಗುತ್ತದೆ, ಒಣಗುತ್ತದೆ. ನಂತರ ಕೆಲವು ಇಲಿಗಳಿಗೆ ಎಲೆಯ ಸಾರ ಕೊಡುತ್ತಾರೆ, ಕೆಲವಕ್ಕೆ ಬರೀ ನೀರು. ಹಿಕ್ಕೆ ಎಣಿಸುತ್ತಾರೆ, ತೂಕ ನೋಡುತ್ತಾರೆ, ಅದರಲ್ಲಿ ನೀರೆಷ್ಟು ಎಂದು ಅಳೆಯುತ್ತಾರೆ.

ಅಳೆಯುವ ಇನ್ನೂ ಕೆಲವು ವಿಧಾನಗಳಿವೆ. ಇಲಿಗೆ ಇದ್ದಿಲಿನ ಪುಡಿ ಕಲಸಿದ ನೀರು ಕುಡಿಸಿ, ಇಪ್ಪತ್ತು ಮೂವತ್ತು ನಿಮಿಷದ ನಂತರ ಅದನ್ನು ಕೊಂದು, ಸಣ್ಣ ಕರುಳನ್ನು ಬಿಚ್ಚಿ ಕಪ್ಪು ಎಲ್ಲಿಯವರೆಗೆ ಹೋಗಿದೆ ಎಂದು ಸ್ಕೇಲಿಟ್ಟು ನೋಡುವುದು ಒಂದು. ಕಾರ್ಮೈನ್ ಎಂಬ ಕೆಂಪು ಬಣ್ಣ ಕುಡಿಸಿ ಮೊದಲ ಕೆಂಪು ಹಿಕ್ಕೆಗೆ ಕಾಯುವುದು ಇನ್ನೊಂದು. ಇದರಲ್ಲಿ ಇಲಿ ಬದುಕಿರುತ್ತದೆ. ಆರೋಗ್ಯವಂತ ಇಲಿಯಲ್ಲಿ ಬಾಯಿಂದ ಹೊರಬರುವವರೆಗೆ ಕೆಲವೇ ಗಂಟೆ. ನಮ್ಮಲ್ಲಿ ಅದೇ ಪ್ರಯಾಣಕ್ಕೆ ಸಾಮಾನ್ಯವಾಗಿ ಒಂದರಿಂದ ಮೂರು ದಿನ ಬೇಕು.

ಇಂಥ ಪ್ರಯೋಗ ಪ್ರಾಮಾಣಿಕವಾಗಿಯೇ ನಡೆದು, ಎಲೆಯ ಸಾರ ಕೊಟ್ಟ ಇಲಿಗಳು ಹೆಚ್ಚು ಹಿಕ್ಕೆ ಹಾಕಿದವು ಎಂದುಕೊಳ್ಳೋಣ. ಹಾಗಾದರೆ ಸಾಬೀತಾದದ್ದು ಏನು? ಲೋಪೆರಮೈಡ್ ತಿನ್ನಿಸಿದ ಇಲಿಯಲ್ಲಿ, ಲೋಪೆರಮೈಡ್‌ನ ಪರಿಣಾಮವನ್ನು ಈ ಸಾರ ತಗ್ಗಿಸಿತು. ಅಷ್ಟೇ. ನೋವಿಗೆ ಮಾರ್ಫಿನ್ ಜಾತಿಯ ಔಷಧ ತೆಗೆದುಕೊಳ್ಳುವ ಕ್ಯಾನ್ಸರ್ ರೋಗಿಗಳಿಗೆ ಬರುವ ಮಲಬದ್ಧತೆಗೂ ಇದಕ್ಕೂ ಹತ್ತಿರದ ಸಂಬಂಧವಿದೆ. ಅಲ್ಲಿ ಈ ಮಾದರಿ ಉಪಯುಕ್ತ. ಆದರೆ ನಿಮ್ಮ ಅಜ್ಜಿಯ ಮಲಬದ್ಧತೆಗೆ ಕಾರಣ ಥೈರಾಯ್ಡ್ ಆಗಿರಬಹುದು. ರಕ್ತಹೀನತೆಗೆ ತಿನ್ನುವ ಕಬ್ಬಿಣದ ಮಾತ್ರೆ ಇರಬಹುದು. ಅಥವಾ ಕರುಳು ಸರಿಯಾಗಿಯೇ ತಳ್ಳುತ್ತಿದ್ದು, ಮಲ ಹೊರಹೋಗುವಾಗ ಸಡಿಲವಾಗಬೇಕಾದ ಸ್ನಾಯುಗಳು ತಿಳಿಯದೇ ಬಿಗಿಯುತ್ತಿರಬಹುದು. ಈ ಕೊನೆಯ ತೊಂದರೆ ಸಾಕಷ್ಟು ಸಾಮಾನ್ಯ. ಇದಕ್ಕೆ ಮದ್ದಿಗಿಂತ ಬಯೋಫೀಡ್‌ಬ್ಯಾಕ್ ಎಂಬ ಸ್ನಾಯು ತರಬೇತಿ ಚೆನ್ನಾಗಿ ಕೆಲಸ ಮಾಡುತ್ತದೆ. ನಾಲ್ಕು ಕಾಲಿನ ಮೇಲೆ ಓಡುತ್ತಾ ಓಡುತ್ತಾ ಹಿಕ್ಕೆ ಉದುರಿಸುವ ಪ್ರಾಣಿಯಲ್ಲಿ ಇದನ್ನು ಹೇಗೆ ತೋರಿಸುವುದು?

ಪ್ರಮಾಣದ ಲೆಕ್ಕವೂ ಫಾರ್ವರ್ಡ್‌ನಲ್ಲಿ ಕಾಣೆಯಾಗುತ್ತದೆ. ಉದಾಹರಣೆಗೆ ದೊಡ್ಡ ಜಾತಿಯ ಲ್ಯಾಬ್ ಇಲಿಗೆ ತೂಕದ ಪ್ರತಿ ಕಿಲೋಗೆ 400 ಮಿಲಿಗ್ರಾಂ ಸಾರ ಕೊಟ್ಟರು ಎನ್ನೋಣ. ಅದನ್ನು ನೇರವಾಗಿ 60 ಕಿಲೋ ಮನುಷ್ಯನಿಗೆ ಗುಣಿಸಿದರೆ 24 ಗ್ರಾಂ. ಸಣ್ಣ ಪ್ರಾಣಿಗಳ ದೇಹ ಔಷಧವನ್ನು ಬೇಗ ಖಾಲಿ ಮಾಡುವುದರಿಂದ ವಿಜ್ಞಾನಿಗಳು ಹಾಗೆ ಗುಣಿಸುವುದಿಲ್ಲ. ದೇಹದ ಮೇಲ್ಮೈ ಲೆಕ್ಕದಲ್ಲಿ 6.2ರಿಂದ ಭಾಗಿಸುತ್ತಾರೆ. ಆಗ ಸುಮಾರು 3.9 ಗ್ರಾಂ. ಎರಡೂ ಲೆಕ್ಕ ಎಲೆಯದ್ದಲ್ಲ, ಎಲೆಯಿಂದ ತೆಗೆದ ಗಟ್ಟಿ ಸಾರದ್ದು. ಫಾರ್ವರ್ಡ್ ಹೇಳುವ ‘ಒಂದು ಲೋಟ ಕಷಾಯ’ ಇದರಲ್ಲಿ ಯಾವುದಕ್ಕೆ ಹೊಂದುತ್ತದೆ? ಯಾವುದಕ್ಕೂ ಅಲ್ಲ.

ಅಂದಹಾಗೆ, ಮನೆಮದ್ದೆಲ್ಲ ಸುಳ್ಳು ಎಂದು ನಾವು ಹೇಳುತ್ತಿಲ್ಲ. ಇಸಬ್ಗೋಲ್ ಹೊಟ್ಟನ್ನು ಮಲಬದ್ಧತೆ ಇರುವ ಮನುಷ್ಯರ ಮೇಲೆಯೇ ಪರೀಕ್ಷಿಸಿ ಉಪಯೋಗ ಕಂಡಿದ್ದಾರೆ. ಕಿವಿ ಹಣ್ಣಿನದೂ ಅಷ್ಟೇ. ಅವುಗಳ ಪರವಾಗಿ ಮಾತಾಡಲು ಇಲಿಯ ಸಾಕ್ಷಿ ಬೇಕಾಗಿಲ್ಲ.

ವಾಂತಿ ಮಾಡಲಾರದ ಪ್ರಾಣಿ

ಇಲಿಯ ಹೊಟ್ಟೆಗೂ ನಮ್ಮ ಹೊಟ್ಟೆಗೂ ಇರುವ ವ್ಯತ್ಯಾಸಗಳು ಬರೀ ಗಾತ್ರದ್ದಲ್ಲ. ಇಲಿ ವಾಂತಿ ಮಾಡುವುದಿಲ್ಲ. ಪಾಷಾಣ ತಿಂದರೂ ಅದನ್ನು ಕಕ್ಕಿಹಾಕಲು ಅದಕ್ಕೆ ಆಗದು. ಹೊಟ್ಟೆ ತೊಳಸಿದಂತಾದರೆ ಲ್ಯಾಬಿನ ಇಲಿಗಳು ಮಣ್ಣು ತಿನ್ನುತ್ತವೆ. ಎಷ್ಟು ಜೇಡಿಮಣ್ಣು ತಿಂದಿತು ಎಂಬುದನ್ನು ತೂಗಿ ವಿಜ್ಞಾನಿಗಳು ವಾಕರಿಕೆಯನ್ನು ಅಂದಾಜು ಮಾಡುತ್ತಾರೆ. ಹಾಗಾಗಿ ಕೀಮೋಥೆರಪಿಯ ವಾಂತಿ ತಡೆಯುವ ಔಷಧಗಳ ಮೇಲೆ 1980ರ ದಶಕದಲ್ಲಿ ಕೆಲಸ ಮಾಡಿದವರು ಇಲಿಯನ್ನು ಬಿಟ್ಟು ಫೆರೆಟ್ ಎಂಬ, ನೋಡಲು ಮುಂಗುಸಿಯಂತಿರುವ ಪ್ರಾಣಿಯ ಕಡೆ ಹೋದರು. ಇಂದು ವಾಂತಿಗೆ ಸಾಮಾನ್ಯವಾಗಿ ಕೊಡುವ ಆಂಡಾನ್ಸೆಟ್ರಾನ್ ಗುಂಪಿನ ಔಷಧಗಳ ಹಿಂದೆ ಫೆರೆಟ್‌ಗಳಿವೆ.

ಇದಕ್ಕೆ ನಮ್ಮ ಮನೆಯ ಮೂಲೆಯಿಂದಲೂ ಒಂದು ಪ್ರಾಣಿ ಹೋಗಿದೆ. ರಾತ್ರಿ ಗೋಡೆ ಬದಿಯಲ್ಲಿ ಚೀಂ ಚೀಂ ಎನ್ನುತ್ತಾ ಓಡುವ, ಮೂತಿ ಚೂಪಾಗಿರುವ, ಮೈಯಿಂದ ಘಾಟು ವಾಸನೆ ಬರುವ ಪ್ರಾಣಿ. ಕೆಲವು ಕಡೆ ಸುಂಡಿಲಿ, ಕೆಲವು ಕಡೆ ಮೂಗಿಲಿ ಎನ್ನುತ್ತಾರೆ. ಹೆಸರಿನಲ್ಲಿ ಇಲಿ ಇದ್ದರೂ ಅದು ಇಲಿಯ ಜಾತಿಯಲ್ಲ, ಹುಳು ತಿನ್ನುವ ಬೇರೆಯೇ ಗುಂಪು. ಇದನ್ನು ಅಲುಗಾಡಿಸಿದರೆ ಬಸ್ಸಿನಲ್ಲಿ ಕೂತವರಂತೆ ವಾಂತಿ ಮಾಡುತ್ತದೆ ಎಂದು 1988ರಲ್ಲಿ ಜಪಾನಿನ ಸಂಶೋಧಕರು ವರದಿ ಮಾಡಿದರು. ಅಂದಿನಿಂದ ಅದು ಹಲವು ಲ್ಯಾಬುಗಳಲ್ಲಿ ನೆಲೆಸಿದೆ.

ಸುಂಡಿಲಿಗೆ ಇನ್ನೊಂದು ಅನುಕೂಲವಿದೆ. ಹಸಿದಾಗ ನಮ್ಮ ಹೊಟ್ಟೆ ಗುರುಗುಟ್ಟುವುದನ್ನು ಕೇಳಿದ್ದೀರಲ್ಲ? ಊಟವಿಲ್ಲದ ಹೊತ್ತಿನಲ್ಲಿ ಸುಮಾರು ಒಂದೂವರೆ ಗಂಟೆಯಿಂದ ಎರಡು ಗಂಟೆಗೊಮ್ಮೆ ಜೋರಾದ ಅಲೆಯೊಂದು ಹೊಟ್ಟೆಯಿಂದ ಸಣ್ಣ ಕರುಳಿನ ತುದಿಯವರೆಗೆ ಹೋಗಿ ಉಳಿದ ಚೂರುಗಳನ್ನು ಗುಡಿಸುತ್ತದೆ. 1969ರಲ್ಲಿ ಜೋಸೆಫ್ ಶುರ್ಜೆವ್‌ಸ್ಕಿ ಇದನ್ನು ನಾಯಿಗಳಲ್ಲಿ ಗುರುತಿಸಿದರು. ಮನುಷ್ಯರಲ್ಲಿ, ನಾಯಿಗಳಲ್ಲಿ ಈ ಗುಡಿಸುವ ಅಲೆಯನ್ನು ಎಬ್ಬಿಸುವುದು ಮೋಟಿಲಿನ್ ಎಂಬ ಹಾರ್ಮೋನ್. ಇಲಿಗಳಲ್ಲಿ ಮೋಟಿಲಿನ್ ಇಲ್ಲವೇ ಇಲ್ಲ. ಅದನ್ನು ಮಾಡುವ ಜೀನೂ ಕೆಟ್ಟಿದೆ, ಅದನ್ನು ಹಿಡಿಯುವ ಗ್ರಾಹಕದ ಜೀನೂ ಕೆಟ್ಟಿದೆ. ಸುಂಡಿಲಿಯಲ್ಲಿ ಎರಡೂ ಇವೆ.

ಇದರ ಪರಿಣಾಮ ಸಣ್ಣದಲ್ಲ. ಎರಿತ್ರೋಮೈಸಿನ್ ಎಂಬ ಹಳೆಯ ಆಂಟಿಬಯಾಟಿಕ್ ತಿಂದವರಿಗೆ ಹೊಟ್ಟೆ ಹಿಂಡಿದಂತಾಗುವುದು ವೈದ್ಯರಿಗೆ ಗೊತ್ತಿತ್ತು. ಅದು ಮೋಟಿಲಿನ್‌ನ ಗ್ರಾಹಕವನ್ನೇ ತಟ್ಟುತ್ತದೆ ಎಂದು ನಾಯಿ ಮತ್ತು ಮೊಲಗಳ ಮೇಲಿನ ಕೆಲಸದಿಂದ ತಿಳಿಯಿತು. 1990ರಲ್ಲಿ ಬೆಲ್ಜಿಯಂನ ಲ್ಯೂವೆನ್‌ನ ವೈದ್ಯರು ಅದನ್ನು ಮಧುಮೇಹದಿಂದ ಹೊಟ್ಟೆಯ ಚಲನೆ ಕುಂದಿದ ರೋಗಿಗಳಿಗೆ ಕೊಟ್ಟಾಗ ಊಟ ಬೇಗ ಕೆಳಗಿಳಿಯಿತು. ಇಂದಿಗೂ ಕೆಲವು ರೋಗಿಗಳಿಗೆ ಸ್ವಲ್ಪ ದಿನದ ಮಟ್ಟಿಗೆ ಇದನ್ನು ಬಳಸುತ್ತಾರೆ. ಬರೀ ಇಲಿಯನ್ನೇ ನಂಬಿಕೊಂಡಿದ್ದರೆ ಈ ದಾರಿ ಕಾಣುತ್ತಲೇ ಇರಲಿಲ್ಲ.

ಹುಟ್ಟಿದ ಮಗು ಎರಡು ದಿನವಾದರೂ ಮಲ ಮಾಡದಿದ್ದರೆ

ಹಾಗಾದರೆ ಇಲಿ ನಿಷ್ಪ್ರಯೋಜಕವೇ? ಈ ಕಾಯಿಲೆಯನ್ನು ನೋಡಿ.

ಕರುಳಿನ ನರಕೋಶಗಳು ಕರುಳಿನಲ್ಲಿ ಹುಟ್ಟುವುದಿಲ್ಲ. 1970ರ ದಶಕದಲ್ಲಿ ಫ್ರಾನ್ಸಿನ ನಿಕೋಲ್ ಲೆ ಡುವಾರಿನ್ ಕೋಳಿ ಭ್ರೂಣದಲ್ಲಿ ಗೌಜಲು ಜಾತಿಯ ಕ್ವೇಲ್ ಹಕ್ಕಿಯ ಜೀವಕೋಶಗಳನ್ನು ಕಸಿ ಮಾಡಿದರು. ಮೈಕ್ರೋಸ್ಕೋಪಿನಲ್ಲಿ ಈ ಎರಡು ಹಕ್ಕಿಗಳ ಜೀವಕೋಶಗಳನ್ನು ಬೇರೆ ಬೇರೆಯಾಗಿ ಗುರುತಿಸಬಹುದು. ಯಾವುದು ಎಲ್ಲಿಗೆ ಹೋಯಿತು ಎಂದು ಅವರು ಹಿಂಬಾಲಿಸಿದಾಗ, ಕರುಳಿನ ನರಕೋಶಗಳಲ್ಲಿ ಬಹುಪಾಲು ಭ್ರೂಣದ ಕತ್ತಿನ ಭಾಗದಲ್ಲಿ ಹುಟ್ಟಿ, ಅಲ್ಲಿಂದ ಕರುಳಿನುದ್ದಕ್ಕೂ ಕೆಳಗೆ ನಡೆದು ಬರುತ್ತವೆ ಎಂದು ಗೊತ್ತಾಯಿತು. ಮನುಷ್ಯರಲ್ಲೂ ಹೀಗೆಯೇ. ಈ ನಡಿಗೆ ಅರ್ಧಕ್ಕೆ ನಿಂತರೆ ದೊಡ್ಡ ಕರುಳಿನ ಕೊನೆಯ ಭಾಗಕ್ಕೆ ನರಕೋಶಗಳೇ ಸಿಗುವುದಿಲ್ಲ. ಆ ಭಾಗ ಸಡಿಲವಾಗಲಾರದು, ಮಲ ಅದರ ಮೇಲ್ಗಡೆ ತುಂಬಿಕೊಂಡು ಕರುಳು ಉಬ್ಬುತ್ತದೆ. 1886ರಲ್ಲಿ ಡೆನ್ಮಾರ್ಕಿನ ಮಕ್ಕಳ ವೈದ್ಯ ಹಾರಾಲ್ಡ್ ಹಿರ್ಷ್‌ಸ್ಪ್ರಂಗ್ ವಿವರಿಸಿದ ಕಾಯಿಲೆ ಇದು. ಸುಮಾರು 5000 ಮಕ್ಕಳಲ್ಲಿ ಒಬ್ಬರಿಗೆ ಬರುತ್ತದೆ, ಗಂಡು ಮಕ್ಕಳಲ್ಲಿ ಹೆಚ್ಚು.

ಲ್ಯಾಬುಗಳಲ್ಲಿ ಬಹಳ ಹಿಂದಿನಿಂದ ಮೈಮೇಲೆ ಬಿಳಿ ಮಚ್ಚೆಗಳಿರುವ ಕೆಲವು ಇಲಿ ತಳಿಗಳಿದ್ದವು. ಅವುಗಳ ಮರಿಗಳು ಹೊಟ್ಟೆ ಉಬ್ಬಿ ಸಾಯುತ್ತಿದ್ದವು. ಬಿಚ್ಚಿ ನೋಡಿದರೆ ಕರುಳಿನ ಕೊನೆಯಲ್ಲಿ ನರಕೋಶವಿಲ್ಲ. ಬಿಳಿ ಮಚ್ಚೆಗೂ ಕರುಳಿಗೂ ಏನು ನಂಟು? ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳೂ ಕರುಳಿನ ನರಕೋಶಗಳೂ ಭ್ರೂಣದ ಒಂದೇ ಮೂಲದಿಂದ ಹೊರಡುತ್ತವೆ. 1994ರಲ್ಲಿ ಇಂಥ ಇಲಿಯಲ್ಲಿ ಕೆಟ್ಟಿದ್ದ ಜೀನ್ ಪತ್ತೆಯಾಯಿತು. ಅದೇ ವರ್ಷ ಅದೇ ಜೀನ್ ಅಮೆರಿಕದ ಒಂದು ಸಮುದಾಯದ ಹಿರ್ಷ್‌ಸ್ಪ್ರಂಗ್ ರೋಗಿಗಳಲ್ಲೂ ಕೆಟ್ಟಿರುವುದು ಕಂಡಿತು. ಕೆಲವು ಕುದುರೆ ತಳಿಗಳಲ್ಲಿ ಅಚ್ಚ ಬಿಳಿಯಾಗಿ ಹುಟ್ಟಿ, ಮಲ ಮಾಡಲಾಗದೆ ಸಾಯುವ ಮರಿಗಳಲ್ಲೂ ಇದೇ ಜೀನ್! ಇಲಿ, ಕುದುರೆ, ಮನುಷ್ಯ ಮೂವರಲ್ಲೂ ಒಂದೇ ದೋಷ, ಒಂದೇ ಕಾಯಿಲೆ. ಇಲ್ಲಿ ಪ್ರಾಣಿಗೆ ಕಾಯಿಲೆಯನ್ನು ಔಷಧ ತಿನ್ನಿಸಿ ತರಿಸಿಲ್ಲ. ಕಾರಣವೇ ಒಂದು. ಹಾಗಾಗಿ ಆ ಇಲಿಯ ಮಾತಿಗೆ ತೂಕ ಬರುತ್ತದೆ.

ಇಲ್ಲೂ ಒಂದು ತಕರಾರಿದೆ. ಈ ಕಾಯಿಲೆಯಲ್ಲಿ ಹೆಚ್ಚು ಸಾಮಾನ್ಯವಾಗಿ ಕೆಡುವುದು ರೆಟ್ ಎಂಬ ಇನ್ನೊಂದು ಜೀನ್. ಮನುಷ್ಯರಲ್ಲಿ ಅದರ ಎರಡು ಪ್ರತಿಗಳಲ್ಲಿ ಒಂದು ಕೆಟ್ಟರೂ ಕಾಯಿಲೆ ಬರಬಹುದು. ಇಲಿಯಲ್ಲಿ ಒಂದು ಕೆಟ್ಟರೆ ಏನೂ ಆಗುವುದಿಲ್ಲ. ಎರಡೂ ಕೆಟ್ಟರೆ ಕರುಳಿನ ನರಕೋಶಗಳ ಜೊತೆಗೆ ಮೂತ್ರಪಿಂಡವೂ ಬೆಳೆಯದೆ ಮರಿ ಸಾಯುತ್ತದೆ. ಒಂದೇ ಜೀನ್, ಆದರೆ ಲೆಕ್ಕ ಬೇರೆ.

ಚಿಕಿತ್ಸೆಯ ದಾರಿಯೂ ಪ್ರಾಣಿಗಳ ಮೂಲಕವೇ ಬಂತು. ಬಾಸ್ಟನ್‌ನ ಓರ್ವರ್ ಸ್ವೆನ್ಸನ್ ನರಕೋಶವಿಲ್ಲದ ಭಾಗವನ್ನು ತೆಗೆದು, ಮೇಲಿನ ಒಳ್ಳೆಯ ಕರುಳನ್ನು ಕೆಳಕ್ಕೆಳೆದು ಜೋಡಿಸುವ ಶಸ್ತ್ರಚಿಕಿತ್ಸೆಯನ್ನು ಮೊದಲು ನಾಯಿಗಳಲ್ಲಿ ಮಾಡಿ ನೋಡಿದರು. 1948ರಲ್ಲಿ ಅದು ಪ್ರಕಟವಾಯಿತು. ಅದಕ್ಕೂ ಮೊದಲು ಈ ಮಕ್ಕಳಲ್ಲಿ ಅನೇಕರು ಬದುಕುತ್ತಿರಲಿಲ್ಲ. ಇಂದು ಬಹುಪಾಲು ಮಕ್ಕಳು ಶಸ್ತ್ರಚಿಕಿತ್ಸೆಯ ನಂತರ ಬದುಕಿ ಬೆಳೆಯುತ್ತಾರೆ.

ಇದನ್ನು ಇಷ್ಟು ವಿವರವಾಗಿ ಹೇಳಲು ಇನ್ನೊಂದು ಕಾರಣವಿದೆ. ಹಸುಗೂಸು ಮಲ ಮಾಡದಿದ್ದರೆ ಬಜೆ ತೇದು ನೆಕ್ಕಿಸುವುದು, ಹರಳೆಣ್ಣೆ ಕುಡಿಸುವುದು, ವೀಳ್ಯದೆಲೆಯ ತೊಟ್ಟನ್ನು ಹರಳೆಣ್ಣೆಯಲ್ಲಿ ಅದ್ದಿ ಗುದದ್ವಾರಕ್ಕೆ ಇಡುವುದು ನಮ್ಮ ಅನೇಕ ಬಾಣಂತಿ ಮನೆಗಳಲ್ಲಿ ಇದೆ. ಈಗ ಇವುಗಳ ವಿಡಿಯೋಗಳೂ ಹರಿದಾಡುತ್ತವೆ. ತೊಂದರೆ ಏನೆಂದರೆ, ಹಿರ್ಷ್‌ಸ್ಪ್ರಂಗ್ ಇರುವ ಮಗುವಿನಲ್ಲೂ ಗುದದ್ವಾರವನ್ನು ಕೆಣಕಿದಾಗ ತುಂಬಿಕೊಂಡಿದ್ದ ಮಲ ಮತ್ತು ಗಾಳಿ ರಭಸದಿಂದ ಹೊರಬರಬಹುದು. ಮನೆಯವರು ‘ಸರಿಹೋಯಿತು’ ಎಂದುಕೊಳ್ಳುತ್ತಾರೆ. ಕಾಯಿಲೆ ಒಳಗೇ ಉಳಿಯುತ್ತದೆ. ಕರುಳಿಗೆ ಸೋಂಕು ತಗುಲಿದರೆ ಜೀವಕ್ಕೇ ಅಪಾಯ. ಮಗು ಹುಟ್ಟಿ 48 ಗಂಟೆಯಾದರೂ ಮೊದಲ ಕಪ್ಪು ಮಲ ಹೋಗದಿದ್ದರೆ, ಹೊಟ್ಟೆ ಉಬ್ಬಿದ್ದರೆ, ಹಸಿರು ವಾಂತಿ ಆದರೆ ಆಗಿಂದಾಗಲೇ ಮಕ್ಕಳ ವೈದ್ಯರಿಗೆ ತೋರಿಸಬೇಕು. ಇದರಲ್ಲಿ ಎರಡು ಮಾತಿಲ್ಲ.

ಇಲಿಯ ಹೃದಯ ತೋರಿಸದ ಅಪಾಯ

ಮಲಬದ್ಧತೆ, ಎದೆಯುರಿ, ಹೊಟ್ಟೆ ಭಾರಕ್ಕೆ ಕೊಡುವ ‘ಚಲನೆ ಹೆಚ್ಚಿಸುವ’ ಮಾತ್ರೆಗಳಲ್ಲಿ ಸಿಸಪ್ರೈಡ್ ಎಂಬುದು ಒಂದು ಕಾಲದಲ್ಲಿ ಬಹಳ ಹೆಸರು ಮಾಡಿತ್ತು. ಅದು ಕರುಳನ್ನು ಚೆನ್ನಾಗಿಯೇ ಚುರುಕುಗೊಳಿಸುತ್ತಿತ್ತು. ಪ್ರಾಣಿಗಳಲ್ಲೂ, ಮನುಷ್ಯರಲ್ಲೂ. ಅಮೆರಿಕದಲ್ಲಿ 1993ರಲ್ಲಿ ಮಾರುಕಟ್ಟೆಗೆ ಬಂತು. 1999ರ ಕೊನೆಯ ಹೊತ್ತಿಗೆ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆಗೆ ಹೃದಯದ ಲಯ ತಪ್ಪಿದ 341 ವರದಿಗಳು ಬಂದಿದ್ದವು, ಅವುಗಳಲ್ಲಿ 80 ಸಾವುಗಳು. 2000ದಲ್ಲಿ ಅಲ್ಲಿ ಮಾರಾಟ ನಿಂತಿತು. ಭಾರತದಲ್ಲಿ ಅದನ್ನು ನಿಷೇಧಿಸಿದ್ದು 2011ರಲ್ಲಿ.

ಆದದ್ದೇನು? ಪ್ರತಿ ಬಡಿತದ ನಂತರ ನಮ್ಮ ಹೃದಯದ ಜೀವಕೋಶಗಳು ಪೊಟ್ಯಾಸಿಯಂ ಹೊರಬಿಟ್ಟು ವಿದ್ಯುತ್ ಸ್ಥಿತಿಯನ್ನು ಮೊದಲಿನಂತೆ ಮಾಡಿಕೊಳ್ಳುತ್ತವೆ. ಹರ್ಗ್ ಎಂಬ ಒಂದು ಬಾಗಿಲು ಇದಕ್ಕೆ ಮುಖ್ಯ. ಸಿಸಪ್ರೈಡ್ ಆ ಬಾಗಿಲನ್ನು ಮುಚ್ಚುತ್ತಿತ್ತು. ಎರಿತ್ರೋಮೈಸಿನ್, ಕೀಟೋಕೊನಜೋಲ್‌ನಂಥ ಔಷಧಗಳನ್ನು ಜೊತೆಗೆ ತಿಂದರೆ ಸಿಸಪ್ರೈಡ್ ದೇಹದಲ್ಲಿ ಶೇಖರವಾಗಿ ಅಪಾಯ ಇನ್ನೂ ಏರುತ್ತಿತ್ತು. ನಿಮಿಷಕ್ಕೆ 500ಕ್ಕೂ ಹೆಚ್ಚು ಸಲ ಬಡಿಯುವ ಇಲಿಯ ಹೃದಯ ಈ ಕೆಲಸಕ್ಕೆ ಬೇರೆ ಬಾಗಿಲುಗಳನ್ನು ನೆಚ್ಚಿಕೊಂಡಿದೆ. ಹಾಗಾಗಿ ಇಲಿಯಲ್ಲಿ ಈ ಅಪಾಯ ಕಾಣದು. ಗಿನಿಪಿಗ್, ಮೊಲ, ನಾಯಿಗಳ ಹೃದಯ ಈ ವಿಷಯದಲ್ಲಿ ನಮ್ಮದಕ್ಕೆ ಹತ್ತಿರ. ಈಗ ಹೊಸ ಔಷಧಗಳನ್ನು ಮನುಷ್ಯರ ಹರ್ಗ್ ಬಾಗಿಲಿನ ಮೇಲೆ ನೇರವಾಗಿ ಪರೀಕ್ಷಿಸುವುದು ವಾಡಿಕೆಯಾಗಿದೆ. ಸಿಸಪ್ರೈಡ್ ಮಾಡುತ್ತಿದ್ದ ಕೆಲಸವನ್ನೇ ಹೆಚ್ಚು ಗುರಿಯಿಟ್ಟು ಮಾಡುವ ಪ್ರುಕಾಲೊಪ್ರೈಡ್ ಇಂದು ದೀರ್ಘಕಾಲದ ಮಲಬದ್ಧತೆಗೆ ಬಳಕೆಯಲ್ಲಿದೆ.

ಇದು ಹಳೆಯ ಕಥೆ ಎಂದು ಬಿಡುವಂತಿಲ್ಲ. ‘ಗ್ಯಾಸ್’ ಎಂದು ಮೆಡಿಕಲ್ ಶಾಪಿಗೆ ಹೋದರೆ ಸಿಗುವ ಕ್ಯಾಪ್ಸೂಲ್‌ಗಳಲ್ಲಿ ಎಷ್ಟೋ ಬಾರಿ ಆಮ್ಲ ತಗ್ಗಿಸುವ ಔಷಧದ ಜೊತೆ ಡಾಂಪೆರಿಡೋನ್ ಇರುತ್ತದೆ. ಅದೂ ಹೊಟ್ಟೆಯ ಚಲನೆಯ ಮದ್ದೇ. ಹೃದಯದ ಲಯದ ಇದೇ ಬಗೆಯ ಆತಂಕದಿಂದ ಯುರೋಪಿನ ಔಷಧ ಸಂಸ್ಥೆ 2014ರಲ್ಲಿ ಅದನ್ನು ವಾಂತಿ ವಾಕರಿಕೆಗೆ ಮಾತ್ರ, ಕಡಿಮೆ ಪ್ರಮಾಣದಲ್ಲಿ, ಸಾಮಾನ್ಯವಾಗಿ ಒಂದು ವಾರ ಮೀರದಂತೆ ಬಳಸಬೇಕೆಂದು ಮಿತಿ ಹಾಕಿತು. ವೈದ್ಯರು ನೋಡಿ ಬರೆದದ್ದಾದರೆ ಅದು ಬೇರೆ ಮಾತು. ಚೀಟಿ ಇಲ್ಲದೆ ತಿಂಗಳುಗಟ್ಟಲೆ ನುಂಗುವವರು, ಅದರಲ್ಲೂ ಹೃದಯದ ತೊಂದರೆ ಇರುವವರು ಮತ್ತು ವಯಸ್ಸಾದವರು ಇದನ್ನು ಅರಿತಿರಬೇಕು.

ನೋವನ್ನು ಇಲಿ ಹೇಳದು

ಐಬಿಎಸ್ ಎಂಬ ತೊಂದರೆ ಹಲವರಿಗೆ ಗೊತ್ತು. ಹೊಟ್ಟೆ ನೋವು, ಒಮ್ಮೆ ಭೇದಿ, ಒಮ್ಮೆ ಮಲಬದ್ಧತೆ, ಸ್ಕ್ಯಾನ್‌ನಲ್ಲಿ ಏನೂ ಇಲ್ಲ. ರೋಗಿ ಹೇಳುವ ಅನುಭವವೇ ಇಲ್ಲಿ ರೋಗಪತ್ತೆಯ ಆಧಾರ. ಇಲಿ ಏನು ಹೇಳೀತು? ಅದರ ಗುದದ್ವಾರದೊಳಗೆ ಪುಟ್ಟ ಬಲೂನು ಉಬ್ಬಿಸಿ ಹೊಟ್ಟೆಯ ಸ್ನಾಯು ಎಷ್ಟು ಬಿಗಿಯಿತು ಎಂದು ಅಳೆಯುತ್ತಾರೆ. ಮರಿಗಳನ್ನು ದಿನಕ್ಕೆ ಕೆಲವು ಗಂಟೆ ತಾಯಿಯಿಂದ ದೂರವಿಟ್ಟು ಬೆಳೆಸಿ, ದೊಡ್ಡವಾದ ಮೇಲೆ ಇದೇ ಪರೀಕ್ಷೆ ಮಾಡುತ್ತಾರೆ. ಎಳವೆಯ ಒತ್ತಡ ಕರುಳನ್ನು ಸೂಕ್ಷ್ಮಗೊಳಿಸುತ್ತದೆ ಎಂಬುದಕ್ಕೆ ಇದು ಒಂದು ಸುಳಿವು. ಆದರೆ ‘ಐಬಿಎಸ್‌ಗೆ ಮದ್ದು ಇಲಿಯಲ್ಲಿ ಸಾಬೀತು’ ಎಂದು ಓದಿದಾಗ, ಅಲ್ಲಿ ಅಳೆದದ್ದು ನೋವನ್ನಲ್ಲ, ಸ್ನಾಯುವಿನ ಬಿಗಿತವನ್ನು ಎಂದು ತಿಳಿದರೆ ಸಾಕು.

ಮಧುಮೇಹಿಗಳ ವಿಷಯದಲ್ಲಿ ಪರಿಸ್ಥಿತಿ ಸ್ವಲ್ಪ ಮೇಲು. ಕರುಳಿನ ಗೋಡೆಯಲ್ಲಿ ಲಯ ಹಿಡಿಯುವ ಜೀವಕೋಶಗಳಿವೆ. ಅವನ್ನು ಮೊದಲು ವಿವರಿಸಿದ ಸ್ಪೇನಿನ ಸಾಂಟಿಯಾಗೊ ರಮೋನ್ ಇ ಕಹಾಲ್ ಅವರ ಹೆಸರೇ ಅವಕ್ಕಿದೆ. ಮಧುಮೇಹ ಬಂದ ಇಲಿಗಳ ಹೊಟ್ಟೆಯಲ್ಲಿ ಈ ಜೀವಕೋಶಗಳು ಕಡಿಮೆಯಾದದ್ದು ಮೊದಲು ಕಂಡಿತು. ನಂತರ ಗ್ಯಾಸ್ಟ್ರೋಪರೇಸಿಸ್ ಇರುವ ಮಧುಮೇಹಿಗಳ ಹೊಟ್ಟೆಯ ಚೂರನ್ನು ತೆಗೆದು ನೋಡಿದಾಗ ಅನೇಕರಲ್ಲಿ ಅಲ್ಲೂ ಹಾಗೇ ಇತ್ತು. ಇಲಿ ಕೊಟ್ಟ ಸುಳಿವನ್ನು ಮನುಷ್ಯರಲ್ಲಿ ಹೋಗಿ ನೋಡುವುದು ಎಂದರೆ ಇದು. ಫಾರ್ವರ್ಡ್‌ಗಳು ಹಾರಿಬಿಡುವ ಹೆಜ್ಜೆಯೂ ಇದೇ.

ಪ್ರಾಣಿಗಳಿಲ್ಲದೆ ಸಾಧ್ಯವಿಲ್ಲವೇ ಎಂದು ಕೇಳುವವರಿದ್ದಾರೆ, ಕೇಳಲೇಬೇಕಾದ ಪ್ರಶ್ನೆ ಅದು. ಹೊಸ ಔಷಧಕ್ಕೆ ಪ್ರಾಣಿ ಪರೀಕ್ಷೆಯೇ ಕಡ್ಡಾಯ ಎಂಬ ನಿಯಮವನ್ನು ಅಮೆರಿಕ 2022ರ ಡಿಸೆಂಬರ್‌ನಲ್ಲಿ ಸಡಿಲಿಸಿತು. ಭಾರತವೂ 2023ರಲ್ಲಿ ತನ್ನ ನಿಯಮ ತಿದ್ದಿ, ಪ್ರಾಣಿಗಳಿಲ್ಲದ ವಿಧಾನಗಳಿಗೂ ಅವಕಾಶ ಕೊಟ್ಟಿದೆ. 2017ರಲ್ಲಿ ಅಮೆರಿಕದ ಸಿನ್ಸಿನಾಟಿಯ ವಿಜ್ಞಾನಿಗಳು ಮನುಷ್ಯರ ಕಾಂಡಕೋಶಗಳಿಂದ, ನರಕೋಶಗಳೂ ಇರುವ ಪುಟ್ಟ ಕರುಳಿನ ಅಂಗಾಂಶವನ್ನು ಬೆಳೆಸಿದರು. ಅದು ಅಲೆಯಂತೆ ಸಂಕುಚಿಸಿತು ಕೂಡ. ಆದರೆ ಅದಕ್ಕೆ ಊಟವಿಲ್ಲ, ಕೋಟ್ಯಂತರ ಸೂಕ್ಷ್ಮಜೀವಿಗಳಿಲ್ಲ, ಗಾಬರಿಪಡುವ ಮೆದುಳೂ ಇಲ್ಲ. ಸದ್ಯಕ್ಕೆ ಇದೂ ಕಾಯಿಲೆಯ ಒಂದು ತುಂಡನ್ನಷ್ಟೇ ತೋರಿಸುತ್ತದೆ.

ಮಲಬದ್ಧತೆಗೆ ಎಲೆಯ ಫಾರ್ವರ್ಡ್ ಕಳಿಸಿದವರಿಗೆ ಏನು ಹೇಳುವುದು? ಮೊದಲು ಅವರ ಮಾತ್ರೆಗಳ ಪಟ್ಟಿ ನೋಡಲು ಹೇಳಿ. ಕಬ್ಬಿಣ, ಕ್ಯಾಲ್ಸಿಯಂ, ಬಿಪಿಯ ಕೆಲವು ಮಾತ್ರೆಗಳು, ಕೊಡೀನ್ ಇರುವ ಕೆಮ್ಮಿನ ಸಿರಪ್, ಟ್ರಮಡಾಲ್, ಖಿನ್ನತೆಗೆ ಕೊಡುವ ಕೆಲವು ಔಷಧಗಳು ಮಲಬದ್ಧತೆ ತರುತ್ತವೆ. ಕಾರಣ ಅಲ್ಲೇ ಇದ್ದರೆ ವೈದ್ಯರು ಮಾತ್ರೆ ಬದಲಿಸಬಹುದು, ತಾವಾಗಿ ನಿಲ್ಲಿಸುವುದು ಬೇಡ. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಕೆ, ಐವತ್ತು ದಾಟಿದ ಮೇಲೆ ಹೊಸದಾಗಿ ಶುರುವಾದ ಮಲಬದ್ಧತೆ ಇದ್ದರೆ ಬೇಗ ತೋರಿಸಬೇಕು. ಹೊಟ್ಟೆ ಉಬ್ಬಿ, ಗಾಳಿಯೂ ಹೋಗದೆ, ವಾಂತಿ ಶುರುವಾದರೆ ಅಂದೇ ಆಸ್ಪತ್ರೆಗೆ ಹೋಗಬೇಕು. ಹೋಗುವಾಗ ಮಾತ್ರೆಗಳ ಸ್ಟ್ರಿಪ್‌ಗಳನ್ನೂ, ಕುಡಿಯುತ್ತಿರುವ ಕಷಾಯದ ಹೆಸರನ್ನೂ ಜೊತೆಗೆ ಒಯ್ಯಿರಿ.